ಹತ್ತು ಗಿಡ ನೆಟ್ರೆ ಕಾಡಾಗ್ತದಾ? ಒಂದು ಡಬ್ಬಿ ಹಿಡ್ಕೊಂಡು ನೀವೇ ನೋಡಿ

ರಸ್ತೆ ಅಗಲ ಮಾಡುವಾಗ, ಕರೆಂಟ್ ಲೈನ್ ಎಳೆಯುವಾಗ ನಮ್ಮ ಕಡೆ ಒಂದು ಮಾತು ಬಂದೇ ಬರ್ತದೆ, ಒಂದು ಮರ ಕಡಿದ್ರೆ ಹತ್ತು ಗಿಡ ನೆಡ್ತೇವೆ ಅಂತ. ಬಾಯಿ ಜಗಳ ಬೇಡ ಮಾರಾಯ್ರೆ, ಹಳೇ ಕಾಡಿನ ಮಣ್ಣು, ಬೋಳು ಗುಡ್ಡೆಯ ಮಣ್ಣು ನೀರನ್ನ ಎಷ್ಟು ಬೇಗ ಕುಡೀತದೆ ಅಂತ ನೀವೇ ಅಳೀರಿ. ಮೊದ್ಲು ಒಂದು ಖಾಲಿ ಹಾಲಿನ ಪುಡಿ ಡಬ್ಬಿ ಹುಡುಕಿ, ತಳ ಕತ್ತರಿಸಿ ತೆಗೀರಿ. ಒಂದು ಲೀಟರ್ ನೀರು, ಮೊಬೈಲು, ಅಷ್ಟೇ. ಮಳೆಗಾಲದಲ್ಲಿ ಮಾಡ್ಬೇಡಿ, ಮಣ್ಣು ಆಗ್ಲೇ ಹೊಟ್ಟೆ ತುಂಬ ಕುಡಿದು ಕೂತಿರ್ತದೆ. ಡಿಸೆಂಬರ್, ಜನವರಿ ಒಳ್ಳೇದು, ಉಂಬಳದ (ಕಾಡಿನ ಜಿಗಣೆ) ಕಾಟವೂ ಕಮ್ಮಿ.

ಹಳೇ ಕಾಡು ನೋಡ್ಲಿಕ್ಕೆ ಸೋಮೇಶ್ವರ, ಕುದುರೆಮುಖದವರೆಗೆ ಹೋಗ್ಬೇಕಂತ ಇಲ್ಲ, ನಾಗನಿಗೆ ಅಂತ ಬಿಟ್ಟ ಊರಿನ ನಾಗಬನ ಉಂಟಲ್ಲ. ನೆಲಕ್ಕೆ ಇಂಟರ್‌ಲಾಕ್ ಕಲ್ಲು ಬೀಳದೆ ಉಳಿದಿದ್ರೆ ಅಂತ ಹೇಳ್ಬೇಕು, ಈಗ ಮರ ಕಡಿದು ಗ್ರಾನೈಟ್ ಕಟ್ಟೆ ಕಟ್ಟಿಸೋದೇ ಭಕ್ತಿ ಆಗಿದೆ. ಬನದ ಮನೆಯವರ ಹತ್ರ ಕೇಳಿ, ಒಳಗೆ ಹೋಗದೆ ಅಂಚಲ್ಲೇ ಮಾಡಿ.

ತರಗೆಲೆ ಸರಿಸಿ ಡಬ್ಬಿಯನ್ನ ಎರಡಿಂಚು ಮಣ್ಣಿಗೆ ಒತ್ತಿ, ನೀರು ಹೊಯ್ದು ಪೂರ್ತಿ ಇಳೀಲಿಕ್ಕೆ ಎಷ್ಟು ಹೊತ್ತು ಬೇಕು ಬರ್ಕೊಳ್ಳಿ. ಮೂರು ಜಾಗದಲ್ಲಿ ಮಾಡಿ, ಆಮೇಲೆ ಜೆಸಿಬಿ ಓಡಾಡಿದ ಗುಡ್ಡೆಯಲ್ಲೂ ಮೂರು ಸಲ. ಕಾಡಿನ ಮಣ್ಣಲ್ಲಿ ಬೇರು, ಎರೆಹುಳ, ಇರುವೆ ಮಾಡಿದ ತೂತುಗಳಿರ್ತವೆ, ನೀರು ಅದರಲ್ಲೇ ಇಳಿದು ಬಾವಿಗೆ ಹೋಗೋದು. ಬೋಳು ಮಾಡಿದ ಕಡೆ ಮಣ್ಣು ಅದುಮಿ ಹೋಗಿ, ಮುರಕಲ್ಲು (ಜಂಬಿಟ್ಟಿಗೆ) ಬಿಸಿಲಿಗೆ ಇನ್ನೂ ಗಟ್ಟಿಯಾಗಿ ಆ ನೀರೆಲ್ಲ ತೋಡಿಗೆ ಓಡ್ತದೆ, ಮಣ್ಣನ್ನೂ ಕರ್ಕೊಂಡು. ಜೂನ್‌ನಲ್ಲಿ ಎರಡೂ ಕಡೆಯ ತೋಡಿನ ನೀರು ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ತಳದ ಕೆಸರನ್ನ ಸ್ಕೇಲಲ್ಲಿ ಅಳೀರಿ.

ಆಮೇಲೆ ಮರದ ಜಾತಿ ಲೆಕ್ಕ. ಇಪ್ಪತ್ತು ಹೆಜ್ಜೆ ನಡೆದು ಎಷ್ಟು ಬಗೆ ಎಲೆ ಸಿಗ್ತದೆ ನೋಡಿ. ಅಕೇಶಿಯಾ ಗುಡ್ಡೆಯಲ್ಲಿ ಹೆಚ್ಚಾಗಿ ಅದೊಂದೇ, ಅದೂ ಆಸ್ಟ್ರೇಲಿಯಾ ಕಡೆಯದ್ದು. ಹಳೇ ಬನದಲ್ಲಿ ಧೂಪ, ಹೆಬ್ಬಲಸು, ರಾಮಪತ್ರೆ ಸಿಕ್ಕೀತು. ಈ ಧೂಪ, ರಾಮಪತ್ರೆ ಬೀಜ ಒಣಗಿದ್ರೆ ಸತ್ತೇ ಹೋಗ್ತದೆ, ಡಬ್ಬದಲ್ಲಿ ಕಟ್ಟಿಟ್ಟು ಮುಂದಿನ ವರ್ಷ ಬಿತ್ತುವ ಹಾಗಿಲ್ಲ, ಸಸಿಗೂ ದೊಡ್ಡ ಮರದ ನೆರಳೇ ಬೇಕು. ರಾಮಪತ್ರೆ ಹಣ್ಣು ನುಂಗಿ ಬೀಜ ದೂರ ಹಾಕೋದು ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್), ಅದು ಮೊಟ್ಟೆ ಇಡೋದು ಮುದಿ ಮರದ ಪೊಟರೆಯಲ್ಲಿ. ಮರ ಹೋದ್ರೆ ಹಕ್ಕಿ ಇಲ್ಲ, ಹಕ್ಕಿ ಹೋದ್ರೆ ಬೀಜ ಹಾಕುವವರಿಲ್ಲ. ಬಿಸಿಲಲ್ಲಿ ಸಾಲಾಗಿ ನೆಟ್ಟ ಹತ್ತು ಗಿಡ ಇದರಲ್ಲಿ ಯಾವ ಕೆಲಸ ಮಾಡ್ತದೆ ಹೇಳಿ?

ಈ ನಂಬರೆಲ್ಲ ಒಂದು ಹಾಳೆಗೆ ಇಳಿಸಿ, ಫೋಟೋ ಸೇರಿಸಿ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಉಂಟು, 50ಕ್ಕಿಂತ ಜಾಸ್ತಿ ಮರ ಕಡಿಯುವುದಾದ್ರೆ ವೃಕ್ಷ ಅಧಿಕಾರಿ ಸಾರ್ವಜನಿಕ ನೋಟಿಸ್ ಕೊಟ್ಟು ಆಕ್ಷೇಪಣೆ ಕರೀಬೇಕು. ನೋಟಿಸಲ್ಲಿರೋ ಕೊನೇ ತಾರೀಖು ನೋಡ್ಕೊಂಡು ಅದಕ್ಕೆ ಮೊದ್ಲೇ ಕೊಡಿ, "ಮರ ನಮ್ಮ ಉಸಿರು" ಅಂತೆಲ್ಲ ಬರೀಬೇಡಿ, ನಿಮಿಷ, ಇಂಚು, ಮರದ ಹೆಸರು ಬರೀರಿ. ಎರಡು ಕಾಪಿ ತಗೊಂಡು ಹೋಗಿ, ನಿಮ್ಮ ಕಾಪಿಗೆ ಸೀಲ್ ಬೀಳದೆ ಅಲ್ಲಿಂದ ಏಳ್ಬೇಡಿ.