ಕ್ಲೈಂಟ್ ಎಲ್ಲಿದ್ದಾರೋ ಅಲ್ಲಿನ ಲೈಸೆನ್ಸ್ ಬೇಕು: ನನ್ನ ಅನುಭವ

"ಮೇಡಂ, ಮುಂದಿನ ತಿಂಗಳು ಸ್ಯಾನ್ ಹೋಸೆಗೆ ಶಿಫ್ಟ್ ಆಗ್ತಿದ್ದೀವಿ. ಹೇಗೂ ವಿಡಿಯೋದಲ್ಲೇ ಮಾತಾಡೋದಲ್ವಾ, ನಿಮಗೇನು ತೊಂದರೆ?" ಅಂತ ಕೇಳಿದರು ನನ್ನ ಕ್ಲೈಂಟ್ ಒಬ್ಬರು.

ತೊಂದರೆ ಇತ್ತು. ಸ್ಯಾನ್ ಹೋಸೆ ಇರುವುದು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ನಾನು ಟೆಕ್ಸಾಸ್‌ನಲ್ಲಿ ಎಲ್‌ಸಿಎಸ್‌ಡಬ್ಲ್ಯೂ, ಅಂದರೆ ಕೌನ್ಸೆಲಿಂಗ್ ಮಾಡುವ ಸೋಷಿಯಲ್ ವರ್ಕರ್. ಅಮೆರಿಕದಲ್ಲಿ ಸೆಷನ್ ಹೊತ್ತಿಗೆ ಕ್ಲೈಂಟ್ ಯಾವ ರಾಜ್ಯದಲ್ಲಿ ಕೂತಿದ್ದಾರೋ ಆ ರಾಜ್ಯದ ಅನುಮತಿ ಇರಬೇಕು.

ಅಲ್ಲಿನ ಯಾರ ಹತ್ತಿರವಾದರೂ ಕಳಿಸಬಹುದಿತ್ತು. ಆದರೆ ಅತ್ತೆಯ ಮಾತು ಬಂದರೆ ಈಕೆಯ ಇಂಗ್ಲಿಷ್ ಅಲ್ಲಿಗೇ ನಿಂತುಹೋಗುತ್ತದೆ, ಕನ್ನಡವೇ ಬೇಕು. "ಹೊಟ್ಟೆಯೊಳಗೆ ಸಂಕಟ" ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಳಿದರೆ ಗ್ಯಾಸ್ ಮಾತ್ರೆ ಬರೆದುಕೊಟ್ಟಾರು!

2023ರಲ್ಲಿ ಮಿಸೌರಿಯಿಂದ ಶುರುವಾದ ಕಾಂಪ್ಯಾಕ್ಟ್, ಅಂದರೆ ರಾಜ್ಯಗಳ ನಡುವಿನ ಒಪ್ಪಂದ, ಒಂದಿದೆ. ಅದಕ್ಕೆ ಸೇರಿದ ರಾಜ್ಯಗಳಲ್ಲೆಲ್ಲ ಒಂದೇ ಲೈಸೆನ್ಸ್ ನಡೆಯಬೇಕು ಅನ್ನುವುದು ಅದರ ಉದ್ದೇಶ. ನಾನು ಅರ್ಜಿ ಹಾಕುವಾಗ ಕ್ಯಾಲಿಫೋರ್ನಿಯಾ ಅದರಲ್ಲಿ ಇರಲಿಲ್ಲ. ಕೈಹಿಡಿದದ್ದು 2024ರ ಜನವರಿಯಿಂದ ಅಲ್ಲಿ ಜಾರಿಗೆ ಬಂದ ನಿಯಮ: ಮೊದಲಿಂದ ನೋಡುತ್ತಿರುವ ಕ್ಲೈಂಟ್ ಅಲ್ಲಿಗೆ ಹೋದರೆ, ಲೈಸೆನ್ಸ್ ಕೊಡುವ ಅಲ್ಲಿನ ಬೋರ್ಡಿಗೆ ಮುಂಚೆಯೇ ತಿಳಿಸಿ, ವರ್ಷದಲ್ಲಿ ಒಂದು ಸಲ ಸತತ 30 ದಿನ ಸೆಷನ್ ಮುಂದುವರಿಸಬಹುದು. ನಮಗೆ ನಾಲ್ಕು ಸೆಷನ್ ಸಿಕ್ಕಿತು.

ಪೂರ್ತಿ ಲೈಸೆನ್ಸ್‌ಗೆ ಹಳೆಯ ಕ್ಲಿನಿಕಲ್ ಪರೀಕ್ಷೆಯ ಅಂಕ ನಡೆಯಿತು, ಪುಣ್ಯ. ಆದರೆ ಕ್ಯಾಲಿಫೋರ್ನಿಯಾದ್ದೇ ಕಾನೂನು ಪರೀಕ್ಷೆ, ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವ 7 ಗಂಟೆಯ ಕೋರ್ಸ್, ಇನ್ನೂ ಒಂದಿಷ್ಟು ಕೋರ್ಸ್. ಓದು ಕಷ್ಟವಾಗಲಿಲ್ಲ. ಸತಾಯಿಸಿದ್ದು ಬೆರಳಚ್ಚು. ಅವರ ಲೈವ್ ಸ್ಕ್ಯಾನ್, ಅಂದರೆ ಮಷೀನಿನಲ್ಲೇ ಬೆರಳಚ್ಚು ತೆಗೆಯುವುದು, ಕ್ಯಾಲಿಫೋರ್ನಿಯಾದೊಳಗೆ ಮಾತ್ರ. ಹೊರಗಿನವರು ಕಾರ್ಡಿನ ಮೇಲೆ ಅಚ್ಚು ಒತ್ತಿ ಅಂಚೆಯಲ್ಲಿ ಕಳಿಸಬೇಕು. ಒತ್ತಿಸುವಾಕೆ ಒಂದೊಂದೇ ಬೆರಳು ಹಿಡಿದು ಹೊರಳಿಸುತ್ತಾ "ನೀವು ಒತ್ತಬೇಡಿ, ಕೈ ಸಡಿಲ ಬಿಡಿ" ಅನ್ನುತ್ತಿದ್ದರು, ನಾನು ಒತ್ತುತ್ತಲೇ ಇದ್ದೆ. ಆರು ವಾರ ಬಿಟ್ಟು ಪತ್ರ ಬಂತು: ಗೆರೆ ಮೂಡಿಲ್ಲ, ಮತ್ತೆ ಕಳಿಸಿ. ಎರಡನೇ ಸಲ ವಾರವಿಡೀ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಪಾತ್ರೆ ತೊಳೆಯುವ ಕೆಲಸ ಗಂಡನಿಗೆ ದಾಟಿಸಿ ಹೋದೆ. (ಆ ಕೆಲಸ ಈಗಲೂ ಅವರದ್ದೇ.)

ಯಾರಾದರೂ ಈ ದಾರಿ ಹಿಡಿಯುವುದಾದರೆ ಬೆರಳಚ್ಚು ಮೊದಲು ಮುಗಿಸಿ, ಆಮೇಲೆ ಕೋರ್ಸ್. ನಾನು ಉಲ್ಟಾ ಮಾಡಿದೆ. ಅದಕ್ಕೇ 30 ದಿನ ಮುಗಿದ ಮೇಲೆ ನಾಲ್ಕು ತಿಂಗಳು ಆಕೆಯ ಜೊತೆ ಸೆಷನ್ ಇಲ್ಲ.

ಕೊನೆಗೆ ಲೈಸೆನ್ಸ್ ಬಂತು. ಮೊದಲ ಸೆಷನ್. ರೂಢಿಯಂತೆ ಕೇಳಿದೆ, "ಈಗ ಎಲ್ಲಿದ್ದೀರಿ?"

"ಲಾಸ್ ವೇಗಸ್ ಮೇಡಂ, ಲಾಂಗ್ ವೀಕೆಂಡ್ ಅಲ್ವಾ!"

ಅದು ನೆವಾಡಾ ರಾಜ್ಯ. ಸೆಷನ್ ಮಂಗಳವಾರಕ್ಕೆ ಹಾಕಿದೆವು.