ಒಂಬತ್ತು ಮುಖದ ಅಳತೆ: ಚೆಲುವಿನ ಇತಿಹಾಸವನ್ನು ದಾರ ಹಿಡಿದು ಕಲಿಸಿದ ಅನುಭವ

ಮೊದಲ ದಿನ “ಯಾವುದು ಚಂದ?” ಎಂದು ಕೇಳಬಾರದು. ಕೇಳಿದರೆ ಪಾಠ ಅಲ್ಲಿಗೇ ಮುಗಿಯುತ್ತದೆ. ಹುಡುಗರು ಕೈ ಎತ್ತುವುದು ಕಣ್ಣಿಗೆ ರೂಢಿಯಾದ ಮುಖಕ್ಕೆ. ಉಳಿದದ್ದೆಲ್ಲ “ಹಳೇ ಕಾಲದ್ದು” ಆಗಿಬಿಡುತ್ತದೆ. ಗದಗ ಸೀಮೆಯಲ್ಲಿ ಒಂಬತ್ತನೇ ತರಗತಿಯ 32 ಮಕ್ಕಳಿಗೆ ನಾವು ನಡೆಸುವ ಈ ಪಾಠಕ್ಕೆ ಆರು ಪಿರಿಯಡ್, ಜೊತೆಗೆ ಲಕ್ಕುಂಡಿಯಲ್ಲಿ ಅರ್ಧ ದಿನ ಬೇಕು. ಕೊನೆಯ ಪಿರಿಯಡ್‌ವರೆಗೆ ಕೇಳುವ ಪ್ರಶ್ನೆ ಮೂರೇ: ಇದು ಯಾವುದರಿಂದ ಆಗಿದೆ, ಎಲ್ಲಿ ಇಡಲು ಮಾಡಿದ್ದು, ಅಳತೆ ಎಷ್ಟು.

ಮೊದಲು ಹನ್ನೆರಡು ಚಿತ್ರ ಇಟ್ಟುಕೊಂಡಿದ್ದೆವು. ಅದು ಅತಿಯಾಯಿತು, ಒಂದನ್ನೂ ನೆಟ್ಟಗೆ ನೋಡಲಾಗಲಿಲ್ಲ. ಈಗ ಆರೇ ಸಾಕು: ಆಸ್ಟ್ರಿಯಾದ ವಿಲ್ಲೆಂಡಾರ್ಫ್‌ನಲ್ಲಿ 1908ರಲ್ಲಿ ಸಿಕ್ಕ ಸುಣ್ಣಕಲ್ಲಿನ ಸ್ತ್ರೀಮೂರ್ತಿ, ಈಜಿಪ್ಟಿನ ನಿಂತ ಆಕೃತಿ, ಗ್ರೀಸಿನ ಶಿಲ್ಪಿ ಪಾಲಿಕ್ಲೀಟಸ್‌ನ ಭರ್ಜಿಧಾರಿ, ಬಾದಾಮಿಯ ಮೂರನೇ ಗುಹೆಯ (ಕ್ರಿ.ಶ. 578) ವಿಷ್ಣು, ಲಕ್ಕುಂಡಿಯ ಒಂದು ಮೂರ್ತಿ, ರವಿವರ್ಮನ ಒಂದು ಮುದ್ರಿತ ಚಿತ್ರ.

ವಿಲ್ಲೆಂಡಾರ್ಫ್ ಮೂರ್ತಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರೆ ತರಗತಿ ನಗುತ್ತದೆ. ಅದಕ್ಕೇ ತೋರಿಸುವ ಮುಂಚೆ ಮಣ್ಣಿನಲ್ಲಿ ಮಾಡಿಸುತ್ತೇವೆ. ನಿಜವಾದ ಎತ್ತರ ಸುಮಾರು 11 ಸೆಂ.ಮೀ., ಅಂಗೈಯಲ್ಲಿ ಹಿಡಿಯುವಷ್ಟು. ಮುಖದ ಗೆರೆಗಳಿಲ್ಲ, ಪಾದವಿಲ್ಲ, ಆದ್ದರಿಂದ ನೆಲದ ಮೇಲೆ ನಿಲ್ಲುವುದಿಲ್ಲ. ಕೈಯಲ್ಲಿ ಹಿಡಿದಾಗ ಇದು ದೂರ ನಿಂತು ನೋಡುವ ವಸ್ತುವಲ್ಲ ಎಂಬುದು ಮಕ್ಕಳಿಗೇ ಹೊಳೆಯುತ್ತದೆ. ಎರೆಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ, ಕುತ್ತಿಗೆಯಲ್ಲಿ ಮೊದಲು. ಎರಡು ಪಾಲು ಎರೆಮಣ್ಣಿಗೆ ಒಂದು ಪಾಲು ಸಣ್ಣ ಉಸುಕು ಕಲಸಿ, ಬಿಸಿಲಿಗೆ ಹಾಕದೆ ನೆರಳಲ್ಲಿ ಮೂರು ದಿನ ಒಣಗಿಸಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡಿದ ಕೈಗಳಿಗೆ ಇದು ಹೊಸದಲ್ಲ. ಗುಳ್ಳವ್ವನಿಗೂ ಮೈಯ ಲೆಕ್ಕ ಹಿಡಿದು ಯಾರೂ ಕೈಕಾಲು ಮಾಡುವುದಿಲ್ಲವಲ್ಲ ಎಂದು ಕೇಳಿದರೆ ಮಾತು ತಾನಾಗಿ ಮುಂದೆ ಹೋಗುತ್ತದೆ.

ಪಾಠದ ಜೀವಾಳ ಅಳತೆಯಲ್ಲಿದೆ. ನಮ್ಮ ಶಿಲ್ಪಶಾಸ್ತ್ರದಲ್ಲಿ ಅಳತೆಯ ಘಟಕ ತಾಳ: ಕೂದಲಂಚಿನಿಂದ ಗದ್ದದವರೆಗಿನ ಮುಖದ ಉದ್ದ. ಒಂದು ತಾಳಕ್ಕೆ 12 ಅಂಗುಲ. ನವತಾಳದ, ಅಂದರೆ ಒಂಬತ್ತು ಮುಖದುದ್ದದ, ಮೂರ್ತಿ 108 ಅಂಗುಲ: ಮುಖ 12, ಕುತ್ತಿಗೆ 4, ಅಲ್ಲಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಹೊಕ್ಕುಳಿಂದ ಕಿಬ್ಬೊಟ್ಟೆಯ ಕೆಳಗಿನವರೆಗೆ 12, ತೊಡೆ 24, ಮಂಡಿ 4, ಮೊಣಕಾಲ ಕೆಳಗೆ 24, ಪಾದ 4. ಮಕ್ಕಳು ಇದನ್ನು ಕೂಡಿಸಿ 108 ಬಂದಾಗ ಬಹಳ ಖುಷಿಪಡುತ್ತಾರೆ.

ಇಲ್ಲಿ ಎರಡು ತಪ್ಪು ಪ್ರತಿ ವರ್ಷ ಆಗುತ್ತವೆ. ಒಂದು, ಅಂಗುಲವೆಂದರೆ ಇಂಚು ಎಂದುಕೊಂಡು ಸ್ಕೇಲ್ ಹಿಡಿಯುವುದು. ಈ ಅಂಗುಲಕ್ಕೆ ಸ್ಥಿರ ಉದ್ದವಿಲ್ಲ. ಅದು ಆಯಾ ಮೂರ್ತಿಯ ಮುಖದ ಹನ್ನೆರಡನೇ ಒಂದು ಪಾಲು. ಎರಡನೆಯದು ಇದಕ್ಕಿಂತ ದೊಡ್ಡದು: ಮುಖವನ್ನೂ ತಲೆಯನ್ನೂ ಒಂದೇ ಮಾಡುವುದು. ಗ್ರೀಕರ ಲೆಕ್ಕ ಹೇಳುವಾಗ ನೆತ್ತಿಯಿಂದ ಗದ್ದದವರೆಗಿನ ಇಡೀ ತಲೆಯನ್ನು ಹಿಡಿಯುತ್ತಾರೆ. ಪಾಲಿಕ್ಲೀಟಸ್‌ನ ಭರ್ಜಿಧಾರಿ ಸುಮಾರು ಏಳು ತಲೆ, ಮುಂದಿನ ಶತಮಾನದ ಲೈಸಿಪಸ್‌ನ ಆಕೃತಿಗಳು ಸುಮಾರು ಎಂಟು ತಲೆ. “ಸರ, ಅವರದು ಏಳು, ನಮ್ಮದು ಒಂಬತ್ತು, ನಮ್ಮವು ಭಾಳ ಎತ್ತರ ಅದಾವು” ಎಂದು ಹುಡುಗರು ಹಿಗ್ಗುತ್ತಾರೆ. ಹಲಗೆಯ ಮೇಲೆ ಲೆಕ್ಕ ಮಾಡಿಸಿ. ಕೂದಲಂಚಿನ ಮೇಲಿನ ತಲೆಗೆ 4 ಅಂಗುಲ ಸೇರಿಸಿದರೆ ಒಟ್ಟು 112, ತಲೆ 16. ಭಾಗಿಸಿದರೆ ಬರುವುದು ಏಳೇ. ಈಜಿಪ್ಟಿನವರ ಹಳೆಯ ಚೌಕಳಿಯಲ್ಲಿ ಅಂಗಾಲಿನಿಂದ ಕೂದಲಂಚಿನವರೆಗೆ 18 ಚೌಕ, ನೆತ್ತಿ ಲೆಕ್ಕಕ್ಕಿಲ್ಲ. ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂದು ಬರೆಯದ ಅಂಕಿಯನ್ನು ನಾವು ತಿದ್ದುವುದೇ ಇಲ್ಲ, ವಾಪಸು ಕೊಡುತ್ತೇವೆ.

ಚಿತ್ರ ಸಣ್ಣದಿದ್ದರೆ ಅಳತೆ ಕೆಡುತ್ತದೆ. ಕಾಗದದ ಮೇಲೆ ಮೂರ್ತಿ 18 ಸೆಂ.ಮೀ. ಇದ್ದರೆ ನವತಾಳದಲ್ಲಿ ಮುಖ 2 ಸೆಂ.ಮೀ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಉತ್ತರ 9ರ ಬದಲು 8.6 ಇಲ್ಲವೆ 9.5 ಆಗುತ್ತದೆ. ಎರಡು ಎ4 ಹಾಳೆ ಅಂಟಿಸಿ 36 ಸೆಂ.ಮೀ. ಮಾಡಿಸಿದರೆ ತಪ್ಪು ಅರ್ಧಕ್ಕಿಳಿಯುತ್ತದೆ. ನಾಲ್ವರ ಗುಂಪಿನಲ್ಲಿ ಮೂವರು ಬೇರೆಬೇರೆಯಾಗಿ ಅಳೆಯಬೇಕು, ನಾಲ್ಕನೆಯವರು ಮೂರರಲ್ಲಿ ನಡುವಿನ ಅಂಕಿ ಬರೆದುಕೊಳ್ಳಬೇಕು. ತ್ರಿಭಂಗಿಯಲ್ಲಿ, ಅಂದರೆ ಮೈ ಮೂರು ಕಡೆ ಬಾಗಿಸಿ, ನಿಂತ ಮೂರ್ತಿಗೆ ಸ್ಕೇಲ್ ನಡೆಯದು, ಉದ್ದ ಕಡಿಮೆ ಬರುತ್ತದೆ. ಕೂದಲಂಚು, ಗದ್ದ, ಹೊಕ್ಕುಳು, ಭಾರ ಹೊತ್ತ ಕಾಲಿನ ಮಂಡಿ, ಹಿಮ್ಮಡಿ, ಈ ಐದು ಕಡೆ ಗುಂಡುಪಿನ್ನು ಚುಚ್ಚಿ ದಾರ ಹಾಯಿಸಿ, ಆಮೇಲೆ ದಾರವನ್ನು ನೆಟ್ಟಗೆ ಮಾಡಿ ಅಳೆಯಬೇಕು. ಕಿರೀಟವಿದ್ದರೆ ಅದರ ಕೆಳಅಂಚೇ ಕೂದಲಂಚು.

ಒಂದು ಕಟ್ಟುನಿಟ್ಟು: ಮಕ್ಕಳ ಮೈ, ಮುಖ ಅಳೆಯುವಂತಿಲ್ಲ. ಲೆಕ್ಕ ಗೊತ್ತಾದ ಮರುಗಳಿಗೆಯೇ ದಾರ ಪಕ್ಕದವರ ಮುಖಕ್ಕೆ ಹೋಗುತ್ತದೆ, ಅಲ್ಲಿಂದ ಅಡ್ಡಹೆಸರು ಹುಟ್ಟುತ್ತದೆ. ದಾರ ಕೊಡುವ ಮೊದಲೇ ಇದನ್ನು ಹೇಳಿರಬೇಕು. ತಾಳಮಾನ ಮೂರ್ತಿಗೆ ಮಾಡಿದ ಲೆಕ್ಕ, ಮನುಷ್ಯರಿಗೆ ಕೊಡುವ ಅಂಕವಲ್ಲ.

ಲಕ್ಕುಂಡಿ ಗದಗಿನಿಂದ ಸುಮಾರು 12 ಕಿ.ಮೀ. ಹೋಗುವ ಹಿಂದಿನ ದಿನ ಎರಡು ಕಲ್ಲಿನ ಚೂರು, ಒಂದು ಮೊಳೆ ತರಗತಿಗೆ ತರುತ್ತೇವೆ. ಒಂದು ಲಕ್ಕುಂಡಿಯ ಮೂರ್ತಿಗಳಿಗೆ ಬಳಸಿದಂಥ ಬಳಪದ ಕಲ್ಲು, ಇನ್ನೊಂದು ಬಾದಾಮಿಯಂಥ ಮರಳುಗಲ್ಲು. ಬಳಪದ ಕಲ್ಲಿನ ಮೇಲೆ ಮೊಳೆ ಸಲೀಸಾಗಿ ಗೆರೆ ಎಳೆಯುತ್ತದೆ. ಮರಳುಗಲ್ಲಿನಲ್ಲಿ ಕಣ ಉದುರಿ ಗೆರೆಯ ಅಂಚು ಒರಟಾಗುತ್ತದೆ. ಬಾದಾಮಿಯ ವಿಷ್ಣುವಿನ ತುಂಬು ಮೈ, ದೊಡ್ಡ ಗಾತ್ರ, ಕಡಿಮೆ ಒಡವೆ ಮತ್ತು ಲಕ್ಕುಂಡಿಯ ಕಂಠಿ, ವಂಕಿ, ಡಾಬಿನ ಒಂದೊಂದು ಮಣಿ, ಇವೆರಡರ ನಡುವಿನ ವ್ಯತ್ಯಾಸದಲ್ಲಿ ಅರ್ಧಪಾಲು ಈ ಮೊಳೆಯ ಗೆರೆಯಲ್ಲಿದೆ. ರುಚಿ ಬದಲಾಯಿತು ಎಂದಷ್ಟೇ ಹೇಳಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಕಲ್ಲು ಬದಲಾದಾಗ ಉಳಿಗೆ ಹೊಸ ಕೆಲಸ ಸಾಧ್ಯವಾಯಿತು, ಆ ಕೆಲಸಕ್ಕೆ ಕಣ್ಣು ಒಗ್ಗಿತು. ಗುಡಿಯಲ್ಲಿ ಮಾತ್ರ ಕೆರೆಯುವುದಿರಲಿ, ಮುಟ್ಟುವುದೂ ಬೇಡ.

ಅಲ್ಲಿ ಹೆಚ್ಚು ಹೊತ್ತು ಬ್ರಹ್ಮ ಜಿನಾಲಯದಲ್ಲೇ ಇರಬೇಕು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಗರ್ಭಗುಡಿಯ ಜಿನನ ಮೈಮೇಲೆ ಒಂದು ಒಡವೆಯಿಲ್ಲ, ಬಟ್ಟೆಯ ನೆರಿಗೆಯಿಲ್ಲ, ನಯವಾದ ಮೈ, ಅಲುಗದ ಕೂರುವಿಕೆ. ಅದೇ ಬಸದಿಯೊಳಗೆ ಚತುರ್ಮುಖ ಬ್ರಹ್ಮ ಮತ್ತು ಪದ್ಮಾವತಿ ಒಡವೆ ತೊಟ್ಟು ನಿಂತಿದ್ದಾರೆ. ಒಂದೇ ಸೂರಿನ ಕೆಳಗೆ ಚೆಲುವಿನ ಎರಡು ಮಾತು. ಚೆಲುವಿನ ಕಲ್ಪನೆ ಮೆಟ್ಟಿಲು ಹತ್ತಿದಂತೆ ಶತಮಾನಕ್ಕೊಂದು ಬದಲಾಯಿತು ಎಂದು ಬರೆದುಕೊಂಡ ಮಕ್ಕಳು ಇಲ್ಲಿ ಪೆನ್ಸಿಲ್ ನಿಲ್ಲಿಸುತ್ತಾರೆ. ನಾವು ಹೇಳಿಕೊಡದೆ ಹತ್ತು ನಿಮಿಷ ಬಿಡುತ್ತೇವೆ.

ಫೋಟೋ ತೆಗೆಯುವಾಗ ಹುಡುಗರು ಮೂರ್ತಿಗೆ ತೀರ ಹತ್ತಿರ ನಿಲ್ಲುತ್ತಾರೆ. ಫೋನ್ ಮೇಲಿದ್ದರೆ ತಲೆ ದೊಡ್ಡದು, ಕೆಳಗಿದ್ದರೆ ಕಾಲು ಉದ್ದ. ಆ ಚಿತ್ರ ಅಳತೆಗೆ ಬರುವುದಿಲ್ಲ. ಮೂರ್ತಿಯ ಎತ್ತರದ ಮೂರು ಪಟ್ಟು ದೂರ ನಿಂತು, ಫೋನನ್ನು ಹೊಕ್ಕುಳಿನ ಮಟ್ಟಕ್ಕೆ ಹಿಡಿದು, ಎರಡು ಪಟ್ಟು ಝೂಮ್ ಮಾಡಬೇಕು. ಫ್ಲ್ಯಾಶ್ ಹಾಕಿದರೆ ಉಬ್ಬುತಗ್ಗು ಕಾಣದೆ ಮುಖ ಚಪ್ಪಟೆಯಾಗುತ್ತದೆ. ಒಬ್ಬರು ಬಾಗಿಲ ಬಳಿ ಬಿಳಿ ಥರ್ಮಾಕೋಲ್ ಹಾಳೆ ಹಿಡಿದು ಹೊರಗಿನ ಬೆಳಕನ್ನು ಪಕ್ಕದಿಂದ ತಿರುಗಿಸಿದರೆ ಸಾಕು. ಹುಬ್ಬಳ್ಳಿಯವರಿಗೆ ಉಣಕಲ್ಲಿನ ಚಂದ್ರಮೌಳೇಶ್ವರ, ಹಾವೇರಿಯವರಿಗೆ ಸಿದ್ಧೇಶ್ವರ, ಧಾರವಾಡದವರಿಗೆ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯ ಹತ್ತಿರವಾಗುತ್ತದೆ.

ರವಿವರ್ಮನಿಗೆ (1848–1906) ಒಂದು ಪಿರಿಯಡ್ ಸಾಕು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವನ ಮುದ್ರಣಾಲಯ ಚಿತ್ರವನ್ನು ಮನೆಮನೆಯ ಗೋಡೆಗೆ ತಂದಿತು, ಒಂದೇ ಮುಖ ಸಾವಿರಾರು ಮನೆಯಲ್ಲಿ ತೂಗಿತು. ಮನೆಯಿಂದ ಹಳೇ ಕ್ಯಾಲೆಂಡರ್ ತರಲು ಹೇಳುತ್ತೇವೆ, ಚೌಕಟ್ಟು ಹಾಕಿದ್ದು ಬೇಡ, ಗಾಜು ಒಡೆಯುತ್ತದೆ. ಯಾವ ಕ್ಯಾಲೆಂಡರಿನಲ್ಲಾದರೂ ದ್ರೌಪದಿ ಸಿಕ್ಕರೆ ಮೈಬಣ್ಣ ಬರೆದುಕೊಳ್ಳಲು ಹೇಳಿ, ಆಮೇಲೆ ಮಹಾಭಾರತದಲ್ಲಿ ಆಕೆಯ ಇನ್ನೊಂದು ಹೆಸರು ಕೃಷ್ಣೆ ಎಂದು ತಿಳಿಸಿ. ಬಿಳುಪೇ ಚಂದ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ.

ಕೊನೆಗೆ ಫೋನಿನ ಬ್ಯೂಟಿ ಫಿಲ್ಟರ್. ಮಕ್ಕಳ ಮುಖದ ಮೇಲಲ್ಲ, ಲಕ್ಕುಂಡಿಯಲ್ಲಿ ತಾವೇ ತೆಗೆದ ಮೂರ್ತಿಯ ಫೋಟೋ ಮೇಲೆ ಹಾಕಬೇಕು. ಮೂಗು ಮುರಿದಿದ್ದರೆ ಫೋನ್ ಅದನ್ನು ಮುಖವೆಂದು ಗುರುತಿಸದೆ ಹೋಗಬಹುದು, ಅಂಥ ಎರಡು ಫೋಟೋ ಹೆಚ್ಚಿಗೆ ಇಟ್ಟುಕೊಳ್ಳಿ. ಫಿಲ್ಟರಿಗೆ ಮುಂಚಿನದನ್ನೂ ನಂತರದ್ದನ್ನೂ ಒಂದೇ ಅಳತೆಗೆ ಮುದ್ರಿಸಿ, ಕಣ್ಣು, ಗಲ್ಲ, ಗದ್ದದ ಗೆರೆಯನ್ನು ಟ್ರೇಸಿಂಗ್ ಹಾಳೆಯ ಮೇಲೆ ಎರಡು ಬಣ್ಣದಲ್ಲಿ ತೆಗೆದು, ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತೇವೆ. ಗದ್ದ ಎಷ್ಟು ಸಣ್ಣದಾಯಿತು, ಕಣ್ಣು ಎಷ್ಟು ಹಿಗ್ಗಿತು ಎಂಬುದನ್ನು ಅದೇ ಮೂರ್ತಿಯ ಅಂಗುಲದಲ್ಲಿ ಬರೆಯಬೇಕು. “ಯಾವುದು ಚಂದ?” ಎಂದು ಆಗ ಕೇಳುತ್ತೇವೆ. ಉತ್ತರದ ಜೊತೆ ತಾವು ಅಳೆದ ಮೂರು ಅಂಕಿ ಇರಲೇಬೇಕು.