ಅಂಗವಿಕಲರ ವೇತನ: ಮೊದಲು ಶೇಕಡಾ, ಆಮೇಲೆ ಅರ್ಜಿ

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ವೇತನ ಶುರುವಾಯಿತು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಎಷ್ಟು ದುಡ್ಡು ಸಿಗಬೇಕು ಅನ್ನೋದು ಅದಕ್ಕೂ ಮುಂಚೆ, ಸರ್ಕಾರಿ ಆಸ್ಪತ್ರೆಯವರು ವೈಕಲ್ಯ ಶೇಕಡಾ ಎಷ್ಟು ಎಂದು ಬರೆಯುವಾಗಲೇ ತೀರ್ಮಾನವಾಗಿರುತ್ತದೆ.

ಲೆಕ್ಕ ಹೀಗಿದೆ. ಬಡ ಕುಟುಂಬದವರಿಗೆ ವೈಕಲ್ಯ ಶೇ 40ರಿಂದ 74 ಇದ್ದರೆ ರಾಜ್ಯದಲ್ಲಿ ತಿಂಗಳಿಗೆ 600 ರೂಪಾಯಿ ಸಿಗುತ್ತಿತ್ತು. 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನವೇ ಅದನ್ನು 800 ಮಾಡಿದರು. ಶೇ 75 ಮತ್ತು ಅದಕ್ಕಿಂತ ಹೆಚ್ಚು ಇದ್ದವರಿಗೆ 1,400. ಕೇಂದ್ರದ ಕೈ ಮಾತ್ರ ಬಿಗಿ. 2009ರಲ್ಲಿ 200 ರೂಪಾಯಿಯಿಂದ ಶುರುವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ 2012ರಲ್ಲಿ 300 ಆಯಿತು, ಅಲ್ಲೇ ನಿಂತಿತು. ಅದೂ ಶೇ 80 ಅಥವಾ ಹೆಚ್ಚು ಇದ್ದವರಿಗೆ. ಅಕ್ಕಿ ಬೆಲೆ ಹಾಗೆ ನಿಂತಿಲ್ಲ, ಅಲ್ವಾ?

ಹಾಗಾಗಿ ಮೊದಲ ಕೆಲಸ ಯುಡಿಐಡಿ ಕಾರ್ಡ್, ಅಂದರೆ ಶೇಕಡಾ ನಮೂದಾಗಿರುವ ಅಂಗವಿಕಲರ ಗುರುತಿನ ಚೀಟಿ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೊ ಹಾಕಿ ಅರ್ಜಿ ತುಂಬಿ, ಆಸ್ಪತ್ರೆ ಆರಿಸಿಕೊಳ್ಳಿ. ತಪಾಸಣೆಗೆ ಬರಿಗೈಯಲ್ಲಿ ಹೋಗಬೇಡಿ. ಹಳೆಯ ಚೀಟಿ, ಎಕ್ಸ್‌ರೇ, ಆಪರೇಷನ್ ಕಾಗದ ಎಲ್ಲ ಒಯ್ಯಿರಿ. 74 ಮತ್ತು 75ರ ನಡುವೆ ಪ್ರತಿ ತಿಂಗಳು 600 ರೂಪಾಯಿ ವ್ಯತ್ಯಾಸವಿದೆ. ಕಡಿಮೆ ಬರೆದಿದ್ದಾರೆ ಅನ್ನಿಸಿದರೆ ಸುಮ್ನೆ ಜಗಳ ಬೇಡ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೇಲ್ಮನವಿಗೆ ಅವಕಾಶವಿದೆ. ಅದೇ ಕಾಯ್ದೆ 7 ಬಗೆಯ ವೈಕಲ್ಯವನ್ನು 21ಕ್ಕೆ ಏರಿಸಿತು. ಪಾರ್ಕಿನ್ಸನ್, ಥಲಸ್ಸೇಮಿಯ, ಆಸಿಡ್ ದಾಳಿಯ ಗಾಯ ಈಗ ಪಟ್ಟಿಯಲ್ಲಿವೆ. ಹಿಂದೆ ‘ನಿಮ್ಮದು ಬರಲ್ಲ’ ಅನ್ನಿಸಿಕೊಂಡು ವಾಪಸ್ ಬಂದವರು ಇನ್ನೊಮ್ಮೆ ನೋಡಿ.

ಕಾರ್ಡ್ ಕೈಗೆ ಬಂದ ಮೇಲೆ ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಓಡಾಡಲು ಆಗದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಹಿಡಿಯಿರಿ. ಅವರೂ ಅಂಗವಿಕಲರೇ, ದಾರಿ ಗೊತ್ತಿರುತ್ತದೆ. ಆಮೇಲೆ ಗ್ರಾಮ ಆಡಳಿತ ಅಧಿಕಾರಿ ವಿಚಾರಣೆಗೆ ಬರುತ್ತಾರೆ. ಸಂಧ್ಯಾ ಸುರಕ್ಷಾದಂಥ ಬೇರೆ ಪಿಂಚಣಿ ಬರುತ್ತಿದ್ದರೆ ಮುಚ್ಚಿಡಬೇಡಿ, ಒಬ್ಬರಿಗೆ ಒಂದೇ.

ಮಂಜೂರಾದರೂ ದುಡ್ಡು ಬಂದಿಲ್ಲವೇ? ಬ್ಯಾಂಕಿಗೆ ಹೋಗಿ ‘ಆಧಾರ್ ಲಿಂಕ್ ಆಗಿದೆಯಾ’ ಎಂದಷ್ಟೇ ಕೇಳಿದರೆ ಸಾಲದು. ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗೆ ಆಗಿದೆ’ ಎಂದು ಕೇಳಿ. ಆಧಾರ್ ಮೂಲಕ ಬರುವ ಸರ್ಕಾರಿ ದುಡ್ಡು ಆ ಮ್ಯಾಪಿಂಗ್ ಇರುವ ಖಾತೆಗೇ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಗೆ ಜಮಾ ಆಗುತ್ತಿರಬಹುದು. ವೈಕಲ್ಯದ ಪ್ರಮಾಣಪತ್ರ ತಾತ್ಕಾಲಿಕವಾದರೆ ಅದರ ಕೊನೆಯ ದಿನಾಂಕವನ್ನು ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಒಂದೆರಡು ತಿಂಗಳು ಮೊದಲೇ ಮರುತಪಾಸಣೆಗೆ ಹೋಗಿ.